ವಿಮಾನದಲ್ಲಿ ಹಾಲಿನ ವೇಳೆ

ಅಕ್ಕನಿಗೆ ತಮ್ಮನ ನಮಸ್ಕಾರಗಳು.

೧. ಮಗಳು, ಐದು ತಿಂಗಳ ಮೊಮ್ಮಗಳು, ನಾನು ನಿನ್ನೆ ಕ್ಷೇಮವಾಗಿ ತಲುಪಿದೆವು. ಅಳಿಯ ನಿಲ್ದಾಣಕ್ಕೆ ಬಂದಿದ್ದರು.
೨. "ಆ ಹುಡುಗಿ ಕೈಲಿ ಮಗು ನೋಡ್ಕೊಳ್ಳೋಕೆ ಆಗಲ್ಲ, ನೀನು ಮೂರು ತಿಂಗಳು ಅಲ್ಲೇ ಇರು" ಎಂದು ನೀನು ಹೇಳಿದ್ದು ನೆನಪಿದೆ.
೩. ವಿಮಾನ ಏರುವಾಗ ಮಗು ಅತ್ತಿತು. ತಪ್ಪು ನನ್ನದು.

ಏರುವಾಗ ಮಗು ಹಾಲು ನುಂಗುತ್ತಿದ್ದರೆ ಕಿವಿ ನೋಯದು. ಆದ್ದರಿಂದ ಟಿಕೆಟ್ಟಿನಲ್ಲಿದ್ದ ವೇಳೆಗೆ ಸರಿಯಾಗಿ ನಾನೇ ಬಾಟಲಿ ಕೊಟ್ಟೆ. ವಿಮಾನ ನಲವತ್ತು ನಿಮಿಷ ನೆಲದ ಮೇಲೆಯೇ ನಿಂತಿತು. ಏರುವ ಹೊತ್ತಿಗೆ ಬಾಟಲಿ ಖಾಲಿ. ಮೂವತ್ತು ವರ್ಷ ಪಂಪ್‌ಹೌಸಿನಲ್ಲಿ ಒತ್ತಡ ಅಳೆದವನಿಗೆ ಇದು ಶೋಭೆಯಲ್ಲ.

"ಅಪ್ಪಾ, ಆ ವಾಚು ಜೇಬಿಗೆ ಹಾಕ್ಕೊಳ್ಳಿ, ಇಳಿಯೋವಾಗ ನಾನು ನೋಡ್ಕೋತೀನಿ" ಎಂದಳು ಮಗಳು. ವಿಮಾನ ಇಳಿಯತೊಡಗಿ ತನ್ನ ಕಿವಿ ಗುಂಯ್ ಎಂದ ಕ್ಷಣವೇ ಎರಡನೆಯ ಬಾಟಲಿ ಕೊಟ್ಟಳು. ಸುತ್ತ ನಾಲ್ಕು ಮಕ್ಕಳು ಕಿರುಚುತ್ತಿದ್ದರೂ ನಮ್ಮದು ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಮುಂದಿನ ಸೀಟಿನ ತಾಯಿ ತಿರುಗಿ, "ಏನ್ರೀ ಮಾಡಿದ್ರಿ?" ಎಂದು ಕೇಳಿದರು.

"ಏನಾದ್ರೂ ಚೀಪ್ತಾ ಇರ್ಲಿ ಕಣ್ರೀ. ಹಾಲು ಬೇಡ ಅಂದ್ರೆ ತೊಳೆದ ಬೆರಳು ಕೊಡಿ" ಎಂದಳು ಮಗಳು.

ಆ ಮಗುವೂ ಸುಮ್ಮನಾಯಿತು. ಇವಳು ನನ್ನ ಮಗಳೆಂದು ಆ ತಾಯಿಗೆ ಎರಡು ಸಲ ತಿಳಿಸಿದೆ.

ಬಿಪಿ ಮಾತ್ರೆ ತಪ್ಪಿಸಿಲ್ಲ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಮೂರು ತಿಂಗಳು ಇರುವುದಿಲ್ಲ; ಹತ್ತು ದಿನಕ್ಕೆ ಹಿಂತಿರುಗಲು ನಿರ್ಧರಿಸಿದ್ದೇನೆ.

ನಿನ್ನ ತಮ್ಮ