ಸೋಸಲೆ ಹಸಿರಾಗಿಯೇ ಇದೆ

ಮೇ ೧೪, ಬುಧವಾರ

ಸ್ಕ್ರೀನ್ ಎಲ್ಲ ಹಸಿರು. ಕವಲಂದೆ ಒಂದು ಹಳದಿ. ಅಲ್ಲಿ ಕರೆಂಟ್ ತಕರಾರು ಇದ್ದದ್ದೇ. ಟೀ ಕುಡಿದು ಬರುವಷ್ಟರಲ್ಲಿ ಅದೂ ಹಸಿರಾಗಿತ್ತು.

ನನ್ನ ಕೆಲಸ ಇಷ್ಟೇ. ನಂಜನಗೂಡು, ತಿ. ನರಸೀಪುರ, ಎರಡು ತಾಲ್ಲೂಕಿನ ನಮ್ಮ ಕಂಪನಿಯ ಟವರ್‌ಗಳನ್ನು ಕಾಯುವುದು. ಐದೈದು ನಿಮಿಷಕ್ಕೆ ಸಾಫ್ಟ್‌ವೇರ್ ಒಂದೊಂದು ಟವರನ್ನೂ ಕೇಳುತ್ತದೆ, ಹೇಗಿದ್ದೀಯ? ಟವರ್ ಒಂದು ಅಂಕಿ ಹೇಳುತ್ತದೆ. ತೊಂಬತ್ತೈದರ ಮೇಲಿದ್ದರೆ ಹಸಿರು. ಇಷ್ಟನ್ನು ಅರ್ಥ ಮಾಡಿಕೊಳ್ಳಲು ಮ್ಯಾನೇಜರ್ ಮಧುಕುಮಾರ್‌ಗೆ ಎರಡು ವರ್ಷ ಹಿಡಿಯಿತು. ಈಗಲೂ ಪೂರ್ತಿ ಆಗಿದೆ ಅಂತ ನನಗೇನೂ ನಂಬಿಕೆ ಇಲ್ಲ.

ಉತ್ತರ ಬರದಿದ್ದರೆ 'ಎರರ್' ಅಂತ ಕೆಂಪು ಚೌಕ ಬೀಳುತ್ತಿತ್ತು. ಕೆಂಪು ಕಂಡರೆ ಮೈಸೂರಿನ ಸಾಹೇಬರು ಫೋನ್ ಮಾಡಿ ಬೈಯುತ್ತಾರೆ. ಅದಕ್ಕೆ ಈ ಮಹಾನುಭಾವ ಹೋದ ತಿಂಗಳು ಸಾಫ್ಟ್‌ವೇರಿನವರಿಂದ ಹೊಸ ರೂಲ್ ಹಾಕಿಸಿದ. ಎರರ್ ಬಂದರೆ ಹಿಂದಿನ ಅಂಕಿಯನ್ನೇ ತೋರಿಸು. ಮೂರು ಸಲದ ತನಕ ಮಾತ್ರ, ಆಮೇಲೆ ಕೆಂಪು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು!

ಕೋಮಲ ಭಾನುವಾರ ಸೋಸಲೆಗೆ, ತವರಿಗೆ ಹೋದವಳು ಫೋನ್ ಮಾಡಿಲ್ಲ. ನಾನು ಯಾಕೆ ಮಾಡಲಿ?

ಮೇ ೧೮, ಭಾನುವಾರ

ಮೆಂಟೆನೆನ್ಸ್ ದಿನ. ಸಾಫ್ಟ್‌ವೇರ್ ನಿಲ್ಲಿಸು, ಎರರ್ ಲಾಗ್ ಖಾಲಿ ಮಾಡು, ಮತ್ತೆ ಶುರು ಮಾಡು. ವಾರಪೂರ್ತಿ ಬಂದ ಎರರ್‌ಗಳೆಲ್ಲ ಆ ಲಾಗ್‌ನಲ್ಲಿ ಬಿದ್ದಿರುತ್ತವೆ. ತುಂಬಿದರೆ ಸಿಸ್ಟಂ ಮಂದವಾಗುತ್ತದೆ. ಈ ಸಲ ಯಾಕೋ ಬೇಗ ತುಂಬಿತ್ತು. ಅದನ್ನು ಓದುತ್ತಾ ಕೂರಲು ನನಗೇನು ಬೇರೆ ಕೆಲಸ ಇಲ್ಲವೆ. ಅಳಿಸಿದೆ.

ಮನೆಯಲ್ಲಿ ಒಬ್ಬನೇ. ಅನ್ನ ತಳ ಹಿಡಿಯಿತು.

ತಪ್ಪೇನು ನನ್ನದು? ಹೋದ ಭಾನುವಾರ ಮಧುಕುಮಾರ್ ಊಟಕ್ಕೆ ಬಂದಿದ್ದ. ಕೋಮಲ ಬಡಿಸುತ್ತಾ, ನರಸೀಪುರದ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿದೆ, ಜೂನ್‌ಗೆ ಸೇರಬೇಕು ಅಂದಳು. ಇಂಟರ್‌ವ್ಯೂನಲ್ಲಿ ಇಂಗ್ಲಿಷ್‌ನಲ್ಲೇ ಪಾಠ ಮಾಡಿ ತೋರಿಸಿದಳಂತೆ. ನಾನು ಅವಳ ಇಂಗ್ಲಿಷನ್ನು ಅವಳ ಹಾಗೆಯೇ ಆಡಿ ತೋರಿಸಿದೆ. ಮಧುಕುಮಾರ್ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡ. ಇವಳು ಅವನಿಗೆ ನೀರು ಕೊಟ್ಟಳು. ಪಾಯಸ ಬಡಿಸಿದಳು. ಸಂಜೆ ಬಸ್ಸಿಗೆ ಹೊರಟೇಬಿಟ್ಟಳು.

ತಮಾಷೆ ಅದು. ತಮಾಷೆ ಗೊತ್ತಾಗದವರ ಜೊತೆ ಸಂಸಾರ ಮಾಡುವುದು ಹೇಗೆ?

ಇವತ್ತು ಸೋತು ನಾನೇ ಫೋನ್ ಮಾಡಿದೆ. 'ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.' ಯಾರಿಗೆ ಹೇಳುತ್ತೀಯಮ್ಮ? ಆ ವ್ಯಾಪ್ತಿ ಪ್ರದೇಶ ನನ್ನ ಟೇಬಲ್ ಮೇಲಿದೆ. ಸೋಸಲೆ, ೯೮.೬, ಹಸಿರು. ಅವಳಿಗೆ ನಮ್ಮ ಕಂಪನಿಯದೇ ಸ್ಟಾಫ್ ಸಿಮ್ ಕೊಡಿಸಿದವನು ನಾನು. ಫೋನ್ ಆಫ್ ಮಾಡಿಕೊಂಡು ನನಗೇ ಆಟ ತೋರಿಸುತ್ತಾಳೆ.

'ಬಾ' ಅಂತ ಒಂದು ವಾಟ್ಸಾಪ್ ಹಾಕಿದೆ. ಒಂದೇ ಟಿಕ್.

ಮೇ ೨೧, ಬುಧವಾರ

ಆಫೀಸಿಗೆ ಒಬ್ಬ ಮುದುಕ ಬಂದಿದ್ದ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಹಳೇ ಫೋನು.

"ಸಾ, ಸಿವಮೂರ್ತಿ ಅಂದ್ರೆ ನೀವೇಯಾ? ನಾನು ಸೋಸ್ಲೆ ಚಾಮಯ್ಯ. ಹೋದ್ವಾರ ಸಿಡ್ಲು ಒಡೀತಲ್ಲ, ಅವತ್ನಿಂದ ನಿಮ್ ಟವರ್ ಸತ್ತೋಗದೆ ಕಣ್ ಸಾ. ಒಂದ್ ಪೋನೂ ಬರಲ್ದು."

ಸ್ಕ್ರೀನ್ ಅವನ ಕಡೆ ತಿರುಗಿಸಿ ತೋರಿಸಿದೆ. ನೋಡ್ರೀ, ಸೋಸಲೆ. ಬಣ್ಣ ಯಾವುದು?

"ಅಸ್ರು ಸಾ. ಆದ್ರೆ ಟವರ್ ಇರಾದು ನಮ್ಮೂರಲ್ಲಿ, ಇದ್ರಲ್ಲಲ್ವಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಡಬ್ಬ ಬಿಸಾಕಿ ಹೊಸ ಫೋನ್ ತಗೊಳ್ಳಿ ಅಂದೆ. ಅವನು ಹೊರಡಲಿಲ್ಲ.

"ಅದಿರ್ಲಿ ಸಾ. ಇನ್ನೊಂದ್ ಇಸ್ಯ ಅದೆ. ನಮ್ ಪಕ್ಕದ್ ಮನೇವ್ರು..."

ಪಕ್ಕದ ಮನೆಯವರ ಕಂಪ್ಲೇಂಟ್ ಪಕ್ಕದ ಮನೆಯವರೇ ಬಂದು ಕೊಡಲಿ, ನಡೀರಿ ಅಂದೆ. ಬಾಗಿಲ ಹತ್ತಿರ ನಿಂತು ಮತ್ತೊಂದು ಸಲ ತಿರುಗಿ ನೋಡಿದ. ಇಂಥವರಿಗೆ ಒಂದು ಕುರ್ಚಿ ಕೊಟ್ಟರೆ ಊರಿನ ಕಥೆಯೆಲ್ಲ ಬಿಚ್ಚುತ್ತಾರೆ.

ಮೇ ೨೬, ಸೋಮವಾರ

ಇನ್ನೂ ಒಂದೇ ಟಿಕ್. ಇನ್ನೂ ವ್ಯಾಪ್ತಿ ಪ್ರದೇಶದ ಹೊರಗೆ.

ಅವಳ ತಮ್ಮ ಜಗನ್ ಬೇರೆ ಕಂಪನಿ ಸಿಮ್ ಇಟ್ಟುಕೊಂಡಿದ್ದಾನೆ. ಅವನಿಗೆ ಮಾಡಬಹುದು. ಮಾಡಿದರೆ ನಾಳೆಯಿಂದ ಅವನ ಮುಂದೆ ನಾನು ಕೈ ಕಟ್ಟಿ ನಿಲ್ಲಬೇಕು. ಸೊಸೈಟಿಗೆ ಹಾಲು ಹಾಕುವವನಿಂದ ನಾನು ಬುದ್ಧಿ ಕೇಳಬೇಕೆ?

ಆಯಿತು. ಅವಳಿಗೆ ನಾನು ಬೇಡವಾದರೆ ನನಗೂ ಅವಳು ಬೇಡ. ಚಾಟ್ ಡಿಲೀಟ್. ನಂಬರ್ ಬ್ಲಾಕ್, ಫೋನಿನಲ್ಲೂ, ವಾಟ್ಸಾಪಿನಲ್ಲೂ. ಮುಗಿಯಿತು. ಹಾಯಾಗಿದೆ.

ಹಾಯಾಗಿ ಇಲ್ಲ. ಆದರೂ ಬ್ಲಾಕ್ ಬ್ಲಾಕೇ.

ಜೂನ್ ೫, ಗುರುವಾರ

ಬರೆಯಲು ಮನಸ್ಸಿರಲಿಲ್ಲ. ಇವತ್ತಿನದನ್ನು ಮಾತ್ರ ಬರೆಯದೆ ಇರಲಾಗದು.

ಮೇ ತಿಂಗಳ 'ಬೆಸ್ಟ್ ಸೈಟ್', ಎರಡು ತಾಲ್ಲೂಕಿಗೂ ಸೇರಿಸಿ, ಸೋಸಲೆ! ಮಧುಕುಮಾರ್ ಕುಣಿಯುವುದೊಂದು ಬಾಕಿ. "ನೋಡ್ರೀ ಶಿವಮೂರ್ತಿ, ಒಂದ್ ಪಾಯಿಂಟೂ ಅಲ್ಲಾಡಿಲ್ಲ. ಸ್ಟೆಡಿ ಅಂದ್ರೆ ಇದು!" ಮೈಸೂರಿನಿಂದ ಸಾಹೇಬರು ಬಂದು ಸರ್ಟಿಫಿಕೇಟ್ ಕೊಡುತ್ತಾರಂತೆ. ಮುಂದಿನ ತಿಂಗಳು ಫಂಕ್ಷನ್. ಶಾಲು, ಹಾರ, ರಸಬಾಳೆ ಗೊನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಇವನು.

ನನ್ನ ಹೆಂಡತಿ ಹೋಗಿ ಕೂತಿರುವ ಊರಿಗೇ ಬಹುಮಾನ ಬರಬೇಕೆ.

ಜೂನ್ ೧೧, ಬುಧವಾರ

ಮಧ್ಯಾಹ್ನ ಗಾಳಿ ಮಳೆ. ನರಸೀಪುರದ ಕಡೆ ಕಂಬಗಳೇ ಉರುಳಿದವಂತೆ. ಸ್ಕ್ರೀನ್ ಮೇಲೆ ಅಂಕಿಗಳು ಬಿದ್ದವು. ನರಸೀಪುರ ಪಟ್ಟಣ ಎಂಬತ್ತಕ್ಕೆ ಇಳಿಯಿತು. ಹೆಡತಲೆ, ಕವಲಂದೆ, ಎಲ್ಲ ಹಳದಿ.

ಸೋಸಲೆ ೯೮.೬. ಹಸಿರು.

ಅದೇ ಲೈನಿನ ಕರೆಂಟು, ಅದೇ ಮಳೆ. ಇದೊಂದು ಮಾತ್ರ ಕದಲಲಿಲ್ಲ. ಹಿಂದಿನ ದಿನಗಳನ್ನು ತೆಗೆದು ನೋಡಿದೆ. ೯೮.೬. ೯೮.೬. ಜೀವ ಇರುವ ಟವರ್ ಹೀಗೆ ಇರುವುದಿಲ್ಲ. ಬೆಳಿಗ್ಗೆ ಒಂದು, ಸಂಜೆ ಎಲ್ಲರೂ ಫೋನ್ ಹಿಡಿದಾಗ ಒಂದು, ಏರುತ್ತದೆ, ಇಳಿಯುತ್ತದೆ.

ಎರರ್ ಲಾಗ್ ತೆರೆದೆ. ಮೊದಲ ಸಲ ಓದಿದೆ. ಸೋಸಲೆ ಉತ್ತರವಿಲ್ಲ. ಸೋಸಲೆ ಉತ್ತರವಿಲ್ಲ. ಪುಟದ ತುಂಬ ಅದೇ. ರೂಲ್ ತೆಗೆದು ನೋಡಿದರೆ, 'ಮೂರು ಸಲ' ಅಂತ ಇರಬೇಕಾದ ಜಾಗ ಖಾಲಿ. ಎಷ್ಟು ಸಲ ಬೇಕಾದರೂ ಹಿಂದಿನ ಅಂಕಿಯನ್ನೇ ತೋರಿಸು ಅಂತ ಅರ್ಥ.

ಮಧುಕುಮಾರ್‌ನನ್ನು ಕೇಳಿದೆ. "ಮೂರ್ ಸಲ ಆದ್ಮೇಲೆ ಮತ್ತೆ ಕೆಂಪಾಗೋದಲ್ರೀ. ಅದಕ್ಕೇ ತೆಗ್ಸಿದೆ," ಅಂದ.

ಟವರ್ ಸತ್ತು ತಿಂಗಳಾಗಿದೆ ಸರ್, ಅಂದೆ.

"ಶ್! ಬೆಸ್ಟ್ ಸೈಟ್ ಅದು. ಫಂಕ್ಷನ್ ಮುಗೀಲಿ, ರಿಪೇರಿ ಮಾಡ್ಸೋಣ."

ಎಷ್ಟು ವರ್ಷದಿಂದ ಇವನನ್ನು ಮೂರ್ಖ ಅಂದುಕೊಂಡು ಬಂದೆ. ಆ ಮೂರ್ಖ ಬಳಿದ ಹಸಿರನ್ನು ನಂಬಿ ಹೆಂಡತಿಯನ್ನು ಸುಳ್ಳಿ ಅಂದವನು ನಾನು. ಇಬ್ಬರಲ್ಲಿ ಯಾರು ಹೆಚ್ಚು ಮೂರ್ಖ?

ಅದೇ ದಿನ, ಸಂಜೆ

ಫೋನಿನಲ್ಲಿ ಬ್ಲಾಕ್ ಮಾಡಿದ ಕರೆಗಳನ್ನು ಬೇರೆ ಇಟ್ಟಿರುತ್ತಾರೆ. ಅಲ್ಲಿ ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಕೋಮಲ. ಕೋಮಲ. ಕೋಮಲ. ಎಲ್ಲ ಜೂನ್‌ನವು, ಎಲ್ಲ ಮಧ್ಯಾಹ್ನದ ಊಟದ ಹೊತ್ತಿನವು. ಸ್ಕೂಲಿಗೆ ಸೇರಿದ್ದಾಳೆ. ನರಸೀಪುರದಲ್ಲಿ ನೆಟ್‌ವರ್ಕ್ ಇದೆ. ಅಲ್ಲಿಂದ ಮಾಡಿದ್ದಾಳೆ.

ಶುಕ್ರವಾರದಿಂದ ಈಚೆಗೆ ಒಂದೂ ಇಲ್ಲ.

ಬ್ಲಾಕ್ ತೆಗೆದೆ. ಈಗ ಮಾಡಿದರೆ ಮತ್ತೆ ವ್ಯಾಪ್ತಿ ಪ್ರದೇಶದ ಹೊರಗೆ. ಆ ಹೆಂಗಸಿನ ದನಿ ಇವತ್ತು ನಿಜ ಹೇಳುತ್ತಿತ್ತು. ಅವತ್ತೂ ನಿಜವನ್ನೇ ಹೇಳಿತ್ತು.

ಜೂನ್ ೧೨, ಗುರುವಾರ

ಯಾರನ್ನೂ ಕೇಳಲಿಲ್ಲ. ರೂಲ್ ಕಿತ್ತು ಹಾಕಿದೆ. ಸೋಸಲೆ ಕೆಂಪಾಯಿತು. ಅದರ ಜೊತೆಗೆ ಇನ್ನೆರಡು ಊರು. ಮೈಸೂರಿನ ಫೋನ್ ಬಂತು. ಮಧುಕುಮಾರ್ ಗೋಡೆಗೆ ತಿರುಗಿಕೊಂಡು ಎಸ್ ಸರ್, ಎಸ್ ಸರ್ ಅನ್ನುತ್ತಿದ್ದ. ನನಗೆ ಮೆಮೋ ಕೊಡುತ್ತಾನಂತೆ. ಕೊಡಲಿ. ನಾಳೆ ಸೋಸಲೆಗೆ ಟೆಕ್ನಿಶಿಯನ್ ಹೋಗುತ್ತಾನೆ.

ನಾನೇ ಇವತ್ತೇ ಹೋಗಬಹುದಿತ್ತು. ಯಾವ ಮುಖ ಇಟ್ಟುಕೊಂಡು ಹೋಗಲಿ? ಟವರ್ ಸರಿಯಾಗಲಿ, ಮೊದಲು ಫೋನಿನಲ್ಲಿ ಮಾತಾಡೋಣ ಅಂತ ಇದ್ದೇನೆ. ಹೇಡಿ.

ಜೂನ್ ೧೬, ಸೋಮವಾರ

ಸಿಡಿಲಿಗೆ ಒಂದು ಕಾರ್ಡ್ ಸುಟ್ಟಿತ್ತಂತೆ. ಬದಲಾಯಿಸಿದರು. ಸೋಸಲೆ ಈಗ ೯೭.೧. ಸ್ವಲ್ಪ ಹೊತ್ತಿಗೆ ೯೭.೯. ಏರುತ್ತಿದೆ, ಇಳಿಯುತ್ತಿದೆ. ನಿಜವಾದ ಹಸಿರು.

ಸಂಜೆ ಅವಳಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದ ಮಾತು ಬರಲಿಲ್ಲ. ಅರ್ಧ ರಿಂಗ್, ಕಟ್. ಮತ್ತೆ ಮಾಡಿದೆ. ಅರ್ಧ ರಿಂಗ್, ಕಟ್. ಮೆಸೇಜ್ ಹಾಕಿದೆ. ಒಂದೇ ಟಿಕ್.

ಜಗನ್‌ಗೆ ಮಾಡಿದೆ.

"ಈಗ ನೆಪ್ಪಾಯ್ತಾ ಬಾವ?"

ಅಕ್ಕ ಎಲ್ಲಿ ಅಂದೆ.

"ಇಲ್ಲೇ ಕುಂತವ್ಳೆ. ಪೋನು ಕೈಲೇ ಅದೆ."

ಒಂದು ನಿಮಿಷ ಕೊಡಪ್ಪ ಅಂದೆ. ಜಗನ್‌ಗೆ ನಾನು ಯಾವತ್ತೂ ಅಪ್ಪ ಅಂದವನಲ್ಲ. ಅಲ್ಲಿ ಏನೋ ಮೆಲ್ಲಗೆ ಮಾತು. ಅವಳ ದನಿಯೇ. ಏನೆಂದು ಕೇಳಿಸಲಿಲ್ಲ.

"ಒಲ್ಲೆ ಅಂತಾವ್ಳೆ ಬಾವ. ಅವತ್ತು ನನ್ ಪೋನಿಂದ ಮಾಡು ಅಂದ್ರೂ ಕೇಳ್ನಿಲ್ಲ. ಟವರ್ ಸತ್ತದೆ, ಒಂದ್ಸಲ ಬಂದು ಕರ್ಕೊಂಡೋಗ್ಲಿ ಅಂತ ಚಾಮಯ್ಯಣ್ಣನ್ ಕೈಲಿ ಏಳ್ ಕಳ್ಸಿದ್ಲು. ನೀವು ಆವಯ್ಯನ್ನ ಬಾಯ್ ಬುಡಕ್ಕೂ ಬುಡ್ಲಿಲ್ವಂತೆ. ಇಸ್ಕೂಲ್ ಸುರುವಾದ್ಮೇಲೆ ನರಸೀಪುರ್‌ದಿಂದ ದಿನಾ ಪೋನ್ ಮಾಡಾಳು. ಕಡೀಕೆ ಅವ್ಳೇ ಸಾಕು ಅಂದ್ಬುಟ್ಲು."

ಪಕ್ಕದ ಮನೆಯವರು. ಆ ಮುದುಕ ಬಾಗಿಲಲ್ಲಿ ನಿಂತು ತಿರುಗಿ ನೋಡಿದ್ದ.

ಜೂನ್ ೧೮, ಬುಧವಾರ. ತಿ. ನರಸೀಪುರ ಬಸ್ ಸ್ಟ್ಯಾಂಡ್

ರಜೆ ಹಾಕಿ ಬಂದೆ. ಸ್ಕೂಲ್ ಬಿಡುವ ಹೊತ್ತು. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಬಂದಳು. ನೀಲಿ ಸೀರೆ, ನಾನು ನೋಡಿಲ್ಲದ್ದು. ಜೊತೆಯಲ್ಲಿ ಇನ್ನೊಬ್ಬ ಟೀಚರ್. ಏನೋ ಹೇಳಿಕೊಂಡು ನಗುತ್ತಿದ್ದಳು. ಕೈಯಲ್ಲಿ ಫೋನು. ಹೋಗಿ ಎದುರು ನಿಲ್ಲುವುದು ಬಿಟ್ಟು ನಾನು ಡಯಲ್ ಮಾಡಿದೆ. ಎಂಥ ಮನುಷ್ಯ ನಾನು! ಇಲ್ಲಿಂದ ನಮ್ಮ ಟವರ್ ಕಣ್ಣಿಗೇ ಕಾಣುತ್ತದೆ. ನನ್ನ ಫೋನಿನಲ್ಲಿ ಸಿಗ್ನಲ್ ಪೂರ್ತಿ ಇದೆ. ಅವಳ ಕೈಯಲ್ಲಿದ್ದ ಫೋನು ಸುಮ್ಮನೇ ಇತ್ತು. ಈಗ ಬ್ಲಾಕ್ ಆಗಿರುವವನು ನಾನು.

ಆಮೇಲೆ ನನ್ನನ್ನು ನೋಡಿದಳು. ನಗು ನಿಂತಿತು. ಕೋಪ ಇದ್ದಿದ್ದರೂ ಆಗುತ್ತಿತ್ತು. ಬೋರ್ಡ್ ಓದುವವರ ಹಾಗೆ ನೋಡಿ, ಸೋಸಲೆ ಬಸ್ ಹತ್ತಿದಳು.

ಕಿಟಕಿ ಪಕ್ಕ ಕೂತಿದ್ದಾಳೆ. ಬ್ಯಾಗು ತೊಡೆಯ ಮೇಲೆ. ಪಕ್ಕದ ಸೀಟು ಖಾಲಿ. ಖಾಲಿ ಬಿಟ್ಟಿದ್ದಾಳೋ, ಸುಮ್ಮನೆ ಖಾಲಿ ಇದೆಯೋ. ಇದನ್ನು ಯಾವ ಸ್ಕ್ರೀನೂ ಹೇಳುವುದಿಲ್ಲ, ಹತ್ತಿಯೇ ನೋಡಬೇಕು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು, ಬರೆದದ್ದು ಸಾಕು, ನಾನು ಹತ್ತ—