ಬಸಂತರಾಯರ ಮನೆಯ ಉಡಿ

ಇಂಡಿ
ಗುರುವಾರ, ೧೦ ಮಾರ್ಚ್ ೧೯೭೭

ಮಧ್ಯಾಹ್ನ. ಇವರು ಮುದ್ದೇಬಿಹಾಳದ ಕಡೆ ಪ್ರಚಾರಕ್ಕೆ ಹೋಗಿದ್ದಾರೆ. ಮನೆಯಲ್ಲಿ ನಾನು, ಮಗಳು ನೀಲಾ, ಅಡುಗೆಯ ಸಿದ್ದವ್ವ.

ಪ್ರೀತಿಯ ಜಾನಕಿ,

ನಿನ್ನ ಎರಡು ಪತ್ರಗಳೂ ಕೈಸೇರಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ನಮ್ಮ ಇಂದು ಈಗ ಪಾರ್ಲಿಮೆಂಟಿನ ಉಮೇದುವಾರನ ಹೆಂಡತಿ, ಧಾರವಾಡದಲ್ಲಿ ಸಾಲಿ ಕಲಿಸುವ ಗೆಳತಿಯ ನೆನಪು ಅವಳಿಗೆಲ್ಲಿ ಎಂದು ನೀನು ನಕ್ಕಿರಬಹುದು. ನಗು, ನಿನಗೆ ಹಕ್ಕಿದೆ. ನಿನ್ನ ಮಗ ರಾಘವೇಂದ್ರನ ಜ್ವರ ಇಳಿದು ಅವನು ಮತ್ತೆ ಸೈಕಲ್ ಹತ್ತಿದನೆಂದು ಓದಿ ಸಮಾಧಾನವಾಯಿತು.

ತಡಕ್ಕೆ ಪ್ರಚಾರದ ಗದ್ದಲ ಕಾರಣವಲ್ಲ. ಸಿಟ್ಟಿನಲ್ಲಿ ಪತ್ರ ಬರೆಯುವುದು ನನಗೆ ಆಗುವುದಿಲ್ಲ. ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಹೀಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಇವರಿಗೆ ಟಿಕೆಟ್ ಸಿಕ್ಕ ದಿನದಿಂದ ನಾನು ಜೀಪಿನಲ್ಲಿದ್ದೇನೆ. ನಮ್ಮ ಹಳ್ಳಿಗಳಲ್ಲಿ ಭಾಷಣ ಕೇಳುವವರು ಕಟ್ಟೆಯ ಮೇಲಿನ ಗಂಡಸರು. ಹೆಂಗಸರ ವೋಟು ಬೇಕಾದರೆ ಪಡಸಾಲೆ ದಾಟಿ ಅಡುಗೆಮನೆಯ ತನಕ ಹೋಗಬೇಕು. ಆ ಕೆಲಸ ನನ್ನದು. ಒಳಗೆ ಹೋದ ಮುತ್ತೈದೆಯನ್ನು ಸೆರಗಿನಲ್ಲಿ ಉಡಿ ತುಂಬದೆ ಯಾರೂ ಕಳಿಸುವುದಿಲ್ಲ. ಸುಗ್ಗಿ ಬೇರೆ. ಹೊಸ ಜೋಳ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಅಡಿಕೆ, ಇದ್ದವರ ಮನೆಯಲ್ಲಿ ಒಂದು ಕುಬಸದ ಕಣ. ಸಂಜೆ ಜೀಪಿನ ಹಿಂದಿನ ಸೀಟು ಕಾಳಿನ ಅಂಗಡಿಯಂತೆ ಇರುತ್ತಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಅದು ಇಷ್ಟವಾಗಿತ್ತು. ಝಳಕಿಯಲ್ಲಿ ಒಬ್ಬ ಮುದುಕಿ ನನ್ನ ಗದ್ದ ಹಿಡಿದು ಕೇಳಿದಳು:

"ನಿನ್ನ ಗಂಡ ಆರಿಸಿ ಬಂದ್ರ ದಿಲ್ಲಿಗೆ ಹೋಗ್ತಾನಂತ. ನೀನೂ ಹೋಗ್ತಿ?"

"ಗೊತ್ತಿಲ್ಲಬೇ ಆಯಿ."

"ಹೋಗ ತಂಗಿ. ಗಂಡಸನ್ನ ಅಷ್ಟ ದೂರ ಒಬ್ಬನ್ನ ಬಿಡಬಾರದು. ತಪ್ಪಿಸಿಕೊಂಡ ಎತ್ತಾದ್ರ ಹೊಡಕೊಂಡ ತರಬಹುದು."

ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಗ ನಗು ಬರುತ್ತಿತ್ತು.

ಫೆಬ್ರವರಿ ಮುಗಿಯುವ ಹೊತ್ತಿಗೆ ಇವರು, "ನೀಲಾನೂ ಬರ್ಲಿ," ಎಂದರು. ಅವಳ ಪಿ.ಯು.ಸಿ. ಪರೀಕ್ಷೆ ಏಪ್ರಿಲ್‌ನಲ್ಲಿದೆ, ಓದಬೇಕು ಎಂದೆ. "ಜೀಪಿನ್ಯಾಗ ಓದತಾಳ. ಓದೋ ಮಗಳ ಅದಾಳ ಅನ್ನೂದ ಮಂದಿ ನೋಡಬೇಕು," ಎಂದರು. ಮಂದಿ ನೋಡಿದರು. ಪ್ರತಿ ಊರಿನಲ್ಲಿ ಇವರು ಮೈಕಿನ ಮುಂದೆ ಅವಳತ್ತ ಕೈ ಮಾಡಿ, "ನನ್ನ ಮಗಳು ಡಾಕ್ಟರ್ ಆಗ್ತಾಳ. ನಿಮ್ಮ ಮಕ್ಕಳನ್ನೂ ಓದಸ್ರಿ. ಹೆಣ್ಣಮಕ್ಕಳನ್ನ ಕೇಳಲಾರದ ಕೊಟ್ಟ ಬಿಡೂ ಕಾಲ ಹೋತು," ಎನ್ನುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ನೀಲಾ ನಾಚಿ ಜೀವಶಾಸ್ತ್ರದ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಒಳಗೆ ಹೆಂಗಸರು ನನ್ನ ಜೊತೆ ಅವಳ ಉಡಿಯನ್ನೂ ತುಂಬತೊಡಗಿದರು. ಕೂಸಿಗೆ ಯಾಕೆ ಎಂದರೆ, "ಮನಿ ಮಗಳಲ್ಲೇನ್ರಿ," ಎನ್ನುವರು. ಹಾಗೆ ಅದೂ ರೂಢಿಯಾಯಿತು.

ಹೋದ ಶುಕ್ರವಾರ ಸಿಂದಗಿ ದಾಟಿ ಬಸಂತರಾಯರ ಊರಿಗೆ ಹೋದೆವು. ದೊಡ್ಡ ಒಕ್ಕಲುತನ, ದೊಡ್ಡ ವಾಡೆ. ಆ ಸೀಮೆಯ ಹಳ್ಳಿಗಳು ಅವರ ಮಾತು ಮೀರುವುದಿಲ್ಲ. ಅವರ ಹೆಂಡತಿ ಬಾಳಮ್ಮ ನನ್ನನ್ನು ಒಳಗೆ ಕರೆದೊಯ್ದು ಹೋಳಿಗೆ ಬಡಿಸಿದಳು. ಊಟದ ನಂತರ ನಮಗಿಬ್ಬರಿಗೂ ಮಣೆ ಹಾಕಿಸಿದಳು. ಐದು ಮಂದಿ ಮುತ್ತೈದೆಯರು ಬಂದರು. ದೊಡ್ಡ ಮನೆ, ದೊಡ್ಡ ಉಪಚಾರ ಎಂದುಕೊಂಡೆ. ನೀಲಾಳ ಉಡಿಗೆ ಹಸಿರು ರೇಷ್ಮೆ ಸೀರೆ ಇಟ್ಟರು. "ಇಷ್ಟ ಭಾರಿ ಯಾಕ್ರಿ," ಎಂದೆ. "ಇರ್ಲಿ ಬಿಡ್ರಿ, ಮೊದಲನೇ ಸಲ ಬಂದೀರಿ," ಎಂದಳು. ನೀಲಾಳಿಗೆ ಸೆರಗು ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ನಾನೇ ಹಿಡಿದೆ. ಬಾಳಮ್ಮ ಅವಳ ಬಾಯಿಗೆ ಸಕ್ಕರೆ ಹಾಕಿ ನೆಟಿಗೆ ಮುರಿದಳು.

ನೀನು ನಮ್ಮವರ ಲಗ್ನಗಳನ್ನು ನೋಡಿದವಳು. ಐದು ಮಂದಿ, ಹಸಿರು ಸೀರೆ, ಸಕ್ಕರೆ ಎಂದರೆ ಹೆಣ್ಣು ಗೊತ್ತು ಮಾಡಿದಂತೆ, ಅದಕ್ಕೆ ಬೇರೆ ಮಾತು ಬೇಕಿಲ್ಲ. ಬೇರೆ ಯಾವ ದಿನವಾಗಿದ್ದರೂ ಸೀರೆಯ ಬಣ್ಣ ಕಂಡೊಡನೆ ನಾನು ಮಗಳ ಕೈ ಹಿಡಿದು ಮಣೆಯಿಂದ ಏಳುತ್ತಿದ್ದೆ. ಊರೂರಿನಲ್ಲಿ ಉಡಿ ಒಡ್ಡಿ ಒಡ್ಡಿ ನನಗೆ ಕಣ್ಣು ಕಾಣದಂತಾಗಿತ್ತು. ಇವರು ಅವಳನ್ನು ಜೀಪಿಗೆ ಹತ್ತಿಸಿದ್ದು ಇದಕ್ಕೇ ಎಂದು ಈಗ ತಿಳಿಯುತ್ತದೆ.

ನನಗೆ ತಿಳಿಸಿದವನು ಡ್ರೈವರ್ ನಬಿಲಾಲ. ಊರು ದಾಟುತ್ತಲೇ ಅವನು ಖುಷಿಯಿಂದ, "ಅವ್ವಾರ, ಪೇಢೆ ಬಾಳ ಚಲೋ ಇದ್ದೂರಿ. ಲಗ್ನದಾಗ ನನಗೊಂದು ಜರಿ ರುಮಾಲ ಆಗಬೇಕ ನೋಡ್ರಿ," ಎಂದ.

"ಯಾರ ಲಗ್ನಪಾ?"

"ಹಿಂಗ್ಯಾಕ ಕೇಳ್ತೀರಿ ಅವ್ವಾರ! ನೀಲಾಬಾಯಾರದ್ದ. ಬಸಂತರಾಯ ಸಾವಕಾರ್ರು ಚಾವಡಿ ಮುಂದ ಎಲ್ಲಾರಿಗೂ ಹೇಳಿದ್ರಲ್ರಿ, ಗುರುಲಿಂಗಪ್ಪನವ್ರು ಇವತ್ತಿನಿಂದ ನಮ್ಮ ಬೀಗರು, ನಮ್ಮ ಸೀಮಿ ವೋಟೆಲ್ಲಾ ಬೀಗರಿಗೆ ಅಂತ. ಮದುಮಗ ಸಣ್ಣ ಸಾವಕಾರ್ರು ಅಪ್ಪನ ಬಾಜೂಕ ಅಲ್ಲೇ ನಿಂತಿದ್ರು."

ಇವರು ಮುಂದಿನ ಸೀಟಿನಲ್ಲಿದ್ದರು. ತಿರುಗಲಿಲ್ಲ. "ನಬಿಲಾಲ, ದಾರಿ ನೋಡಿ ಹೊಡಿ," ಎಂದರು, ಅಷ್ಟೇ. ನೀಲಾ ತನ್ನ ಮಡಿಲಲ್ಲಿದ್ದ ಸೀರೆಯನ್ನು ಎತ್ತಿ ನನ್ನ ಮಡಿಲಲ್ಲಿಟ್ಟಳು.

ಮನೆಯಲ್ಲಿ ಕೇಳಿದೆ. ಇವರು ಟೋಪಿ ತೆಗೆದು ಗೂಟಕ್ಕೆ ಹಾಕಿ, ಕಕ್ಷಿದಾರನಿಗೆ ತಿಳಿಸಿ ಹೇಳುವ ದನಿಯಲ್ಲಿ ಶುರು ಮಾಡಿದರು.

"ಹುಡುಗ ಬಿ.ಎ. ಮಾಡ್ಯಾನ. ಚಟ ಇಲ್ಲ. ಹೊಲ, ತೋಟ, ಮನಿ. ಏನ ಕಡಿಮಿ ಐತಿ ಹೇಳು?"

"ಕಡಿಮಿ ಐತಿ ಅಂತ ನಾ ಅಂದೇನು? ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ."

"ಮತ್ತ? ಬಸಂತರಾಯರು ಎದುರಿನವರ ಕಡೆ ಹೊಂಟಿದ್ರು. ಅವರು ಹೋದ್ರ ಸಿಂದಗಿ ಹೋತು, ಸಿಂದಗಿ ಹೋದ್ರ ಎಲ್ಲಾ ಹೋತು. ಇಷ್ಟ ವರ್ಷ ನಾ ಮಂದಿ ಕೆಲಸ ಮಾಡಿದ್ದು ಯಾತಕ್ಕ?"

"ನೀಲಾನ ಓದು?"

"ಲಗ್ನಾದ ಮ್ಯಾಲೂ ಓದಬಹುದು. ಈಗ ಬಾಯಿ ಮಾಡಬ್ಯಾಡ. ಇಲೆಕ್ಷನ್ ಮುಗೀಲಿ, ಕುಂತ ಮಾತಾಡೂಣು."

ನೀಲಾ ಬಾಗಿಲಲ್ಲಿ ನಿಂತಿದ್ದಳು. ಅವಳತ್ತ ಇವರು ಒಮ್ಮೆ ಸಹ ನೋಡಲಿಲ್ಲ. ಇಷ್ಟು ವರ್ಷ ಅವಳ ಬೀಜಗಣಿತದ ಲೆಕ್ಕ ತಪ್ಪಿದರೆ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದ ಮನುಷ್ಯ. ಇವರು ಕೆಟ್ಟವರೆಂದು ಬರೆದರೆ ನನಗೇ ಸುಲಭವಾಗುತ್ತಿತ್ತು. ಕೆಟ್ಟವರಲ್ಲ. ತುರ್ತು ಪರಿಸ್ಥಿತಿಯಲ್ಲಿ ಉಳಿದ ವಕೀಲರು ಬಾಯಿ ಮುಚ್ಚಿಕೊಂಡಾಗ, ಜೈಲಿಗೆ ಹೋದವರ ಹೆಂಡಿರು ಮಕ್ಕಳು ನಮ್ಮ ಪಡಸಾಲೆಯಲ್ಲೇ ಉಂಡರು. ಅದೇ ನನ್ನನ್ನು ಹೆಚ್ಚು ಸುಡುತ್ತದೆ. ಊರವರ ಮಕ್ಕಳಿಗೆ ಇವರಲ್ಲಿ ನ್ಯಾಯವಿದೆ.

ಮರುದಿನ ಬಸವನ ಬಾಗೇವಾಡಿಯಲ್ಲಿ ಇವರು ಮತ್ತದೇ ಭಾಷಣ ಮಾಡಿದರು. ಹೆಣ್ಣುಮಕ್ಕಳನ್ನು ಕೇಳಲಾರದೆ ಕೊಡುವ ಕಾಲ ಹೋಯಿತೆಂದು. ಒಂದು ಶಬ್ದ ಬದಲಾಗಲಿಲ್ಲ, ದನಿಯೂ ನಡುಗಲಿಲ್ಲ. ನಾನು ಒಂದು ಮನೆಯ ಒಳಗಿನಿಂದ ಕೇಳಿಸಿಕೊಂಡೆ. ಆ ಮನೆಯ ಸೊಸೆ, "ಎಷ್ಟ ಚಂದ ಮಾತಾಡತಾರ್ರಿ ನಿಮ್ಮ ಯಜಮಾನರು," ಎಂದಳು. ಹೌದು ಎಂದೆ.

ನಮ್ಮಲ್ಲಿ ಹೀಗೆ ತುಂಬಿದ ಉಡಿಯನ್ನು ಮರಳಿಸಬಹುದು. ಹುಡುಗಿಯ ತಾಯಿ ಸೀರೆ, ಕಾಳು, ಕೊಬ್ಬರಿ ಎಲ್ಲವನ್ನೂ ಕೊಟ್ಟ ಮನೆಗೆ ಒಯ್ದು ಕೊಟ್ಟು ಬಂದರೆ ಸಂಬಂಧ ಮುರಿಯಿತು. ಕೊಟ್ಟವರಿಗೆ ಅದಕ್ಕಿಂತ ಹೆಚ್ಚಿನ ಅವಮಾನವಿಲ್ಲ. ವೋಟು ಬೀಳುವ ಮೊದಲು ಹಾಗೆ ಮಾಡಿದರೆ ಬಸಂತರಾಯರು ತಮ್ಮ ಹಳ್ಳಿಗಳ ಜೊತೆ ಎದುರಿನವರ ಕಡೆ ಹೋಗುತ್ತಾರೆ, ಇವರು ಸೋಲುತ್ತಾರೆ. ಇದು ಇವರಿಗೂ ಗೊತ್ತು. ಅದಕ್ಕೇ ಆ ಉಡಿ ನಮ್ಮ ದೇವರ ಜಗಲಿಯ ಮೇಲೆ ಇನ್ನೂ ಇದೆ.

ಆದ್ದರಿಂದ ನಿನ್ನಲ್ಲಿ ಒಂದು ಬೇಡಿಕೆ. ಮುಂದಿನ ವಾರ ಮತದಾನ ಮುಗಿದ ಕೂಡಲೇ ನೀಲಾಳನ್ನು ಧಾರವಾಡಕ್ಕೆ ನಿನ್ನಲ್ಲಿಗೆ ಕಳಿಸುತ್ತೇನೆ. ಪರೀಕ್ಷೆಯ ತನಕ ಅಲ್ಲೇ ಓದಲಿ. ಇವರು ಸೋತರೂ ಗೆದ್ದರೂ ಆಮೇಲೆ ನಾನು ಸೀರೆ ಒಯ್ದು ಕೊಟ್ಟು ಬರುತ್ತೇನೆ. ಅಷ್ಟರೊಳಗೆ ಆ ಕಡೆಯವರು ಲಗ್ನದ ತಾರೀಕು ಹಿಡಿಯದಿದ್ದರೆ ಸಾಕು. ನಿಮ್ಮ ಮನೆಯವರಿಗೆ ನೀನೇ ತಿಳಿಸಿ ಹೇಳು. ಅವಳು ಉಣ್ಣುವುದು ಕಡಿಮೆ, ಬೆಳಗಿನ ಚಹಾ ಮಾತ್ರ ತಪ್ಪಬಾರದು.

ನಿನ್ನ ಅತ್ತೆಯವರಿಗೆ ನಮಸ್ಕಾರ ತಿಳಿಸು. ರಾಘವೇಂದ್ರನಿಗೆ ನನ್ನ ಆಶೀರ್ವಾದ, ಬಿಸಿಲಲ್ಲಿ ತಿರುಗಬೇಡ ಎಂದು ಹೇಳು. ನೀವೆಲ್ಲ ಸುಖವಾಗಿರಿ.

ನಿನ್ನ
ಇಂದು

ತಾ.ಕ. ಶುಕ್ರವಾರ, ಬೆಳಿಗ್ಗೆ. ನಿನ್ನೆ ಪತ್ರ ಮಡಿಚಿ ನೀಲಾಳನ್ನು ಕರೆದು, ಧಾರವಾಡದ ವಿಚಾರ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಪುಸ್ತಕದಿಂದ ತಲೆ ಎತ್ತದೆ ಕೇಳಿದಳು:

"ವೋಟ್ ಬಿದ್ದ ಮ್ಯಾಲೆ?"

"ಹೌದು. ಅಲ್ಲೀತನಕ ಸುಮ್ಮನಿರೂಣು."

"ಅವ್ವಾ, ನಿನಗ ಮೊದಲ ಗೊತ್ತಿತ್ತು?"

"ಇಲ್ಲ ನೀಲಾ. ದೇವರಾಣೆ ಗೊತ್ತಿರಲಿಲ್ಲ."

"ಸೆರಗ ನೀನ ಹಿಡದಿದ್ದಿ."

"ಗೊತ್ತಿರಲಿಲ್ಲ."

"ಹೋಗಲಿ. ಗೊತ್ತಾದ ಮರುದಿನ ಏನ ಮಾಡಿದಿ? ಬಾಗೇವಾಡಿಗೆ ಜೀಪ್ ಹತ್ತಿದಿ. ಸಂಜಿಗೆ ಉಡಿ ತುಂಬಿಸಿಕೊಂಡ ಬಂದಿ. ಅಪ್ಪ ನನ್ನ ಕೇಳಲಿಲ್ಲ. ನೀನರ ಕೇಳಿದೇನು?"

ಜಾನಕಿ, ಈ ಪತ್ರದಲ್ಲಿ ಇಷ್ಟುದ್ದ ನಾನು ಇವರ ಮೇಲೆ ಸಿಟ್ಟು ಬರೆದಿದ್ದೇನೆ. ಮಗಳಿಗೆ ನಾವಿಬ್ಬರೂ ಒಂದೇ ಆಗಿ ಕಾಣುತ್ತೇವೆ. ಅವಳು ಮತ್ತೆ ಓದತೊಡಗಿದಳು. ನಾನು ಹೊರಗೆ ಬಂದೆ.

ಮೇಲಿನದನ್ನು ಹೊಡೆದು ಹಾಕುತ್ತಿಲ್ಲ, ಬರೆದದ್ದು ಬರೆದ ಹಾಗೇ ಇರಲಿ. ಆದರೆ ಅದರಂತೆ ನಡೆಯುವುದಿಲ್ಲ. ಇಂದು ಸಂಜೆ ಇವರು ಮುದ್ದೇಬಿಹಾಳದಿಂದ ಬಂದು ಕೈಕಾಲು ತೊಳೆದ ಮೇಲೆ, ನೀಲಾಳ ಎದುರಿಗೇ ಹೇಳುತ್ತೇನೆ. ನಾಳೆ, ಮತದಾನಕ್ಕೆ ಮುಂಚೆಯೇ, ಬೆಳಗಿನ ಬಸ್ಸಿಗೆ ಸಿಂದಗಿ ದಾಟಿ ಅವರ ಊರಿಗೆ ಹೋಗಿ ಬಾಳಮ್ಮನ ಕೈಗೆ ಆ ಉಡಿಯನ್ನು ಮರಳಿ ಕೊಡುತ್ತೇನೆ. ಜೊತೆಗೆ ಬರುತ್ತೀಯಾ ಎಂದು ನೀಲಾಳನ್ನು ಕೇಳುತ್ತೇನೆ. ಒಲ್ಲೆ ಎಂದರೆ ಒಬ್ಬಳೇ ಹೋಗುತ್ತೇನೆ. ಇಬ್ಬರಿಗೂ ಇನ್ನೂ ಹೇಳಿಲ್ಲ.