ಅಂಕಮ್ಮ ಕೊಟ್ಟ ಕಾಯಿ

೨೯-೧೨-೮೬, ಸೋಮವಾರ
ಇವತ್ತೂ ನಡಿಗೆ. ಕಾಲು ಬಾತಿದೆ. ಕೊಬ್ಬರಿ ಮಂಡಿಯ ಮರುಳಪ್ಪನವರು ತಿಪಟೂರಿನಿಂದ ಜೀಪು ಕಳಿಸಿದ್ದರು, ಪೆಟ್ರೋಲ್ ಸಮೇತ. ವಾಪಸ್ ಕಳಿಸಿದೆ. ಇವತ್ತು ಅವರ ಜೀಪು ಹತ್ತಿದರೆ ನಾಳೆ ಅವರ ತಕ್ಕಡಿ ಬಗ್ಗೆ ಬಾಯಿ ಬಿಡುವ ಹಾಗಿಲ್ಲ.

ಇವರು ಊಟಕ್ಕೆ ಕೂತು, "ಮಂಡಲ ಪಂಚಾಯ್ತಿ ಎಲೆಕ್ಷನ್ ಕಣೇ, ಸನ್ಯಾಸ ಅಲ್ಲ" ಎಂದರು. ಯಾರಿಂದಲೂ ಏನೂ ಮುಟ್ಟುವುದಿಲ್ಲ ಎಂದು ಊರಿಗೆಲ್ಲ ಹೇಳಿಯಾಗಿದೆ. ಇನ್ನೇನು ಮಾಡಲಿ... ನಡೆಯುವುದು.

೨-೧-೮೭
ಹರಿಜನ ಕಾಲೋನಿ. ನಾನು ನಿಂತಿದ್ದೇ ಇಲ್ಲಿಗೊಂದು ಬೋರ್‌ವೆಲ್ ಹಾಕಿಸಬೇಕೆಂದು. ಇಲ್ಲಿನ ಓಟಿಲ್ಲದೆ ಗೆಲ್ಲುವುದೂ ಇಲ್ಲ.

ನಮ್ಮ ತೋಟದ ಕೆಲಸಕ್ಕೆ ಬರುವ ಅಂಕಮ್ಮ ಬಾಗಿಲಲ್ಲೇ ಕುಂಕುಮ ಕೊಟ್ಟಳು. ಎಲೆ ಅಡಿಕೆ, ಮೇಲೊಂದು ತೆಂಗಿನಕಾಯಿ — ಅರಿಶಿನ ಹಚ್ಚಿಟ್ಟಿದ್ದಳು. "ಬೇಡ ಅಂಕಮ್ಮ, ನಾನು ಯಾರ ಹತ್ರಾನೂ ಏನೂ ತಗೋತಿಲ್ಲ" ಎಂದೆ. ಕೈ ಹಿಂದಕ್ಕೆಳೆದುಕೊಂಡಳು. ನಾನು ಬೋರ್‌ವೆಲ್ ಮಾತಾಡಿ ಮುಂದಿನ ಮನೆಗೆ ಹೋದೆ. ಸುಸ್ತು.

೪-೧-೮೭
ಅಂಕಮ್ಮ ಎರಡು ದಿನದಿಂದ ಕೆಲಸಕ್ಕೆ ಬಂದಿಲ್ಲ. ಅವಳ ಪಕ್ಕದ ಮನೆಯ ಗಂಗಯ್ಯನನ್ನು ಕೇಳಿದೆ. ನೆಲ ನೋಡುತ್ತ ಹೇಳಿದ: "ತಾಂಬೂಲ ಬ್ಯಾಡ ಅಂದ್ಬುಟ್ರಂತಲ್ಲಮ್ಮ. ನಮ್ಮ ಕೈದು ಅಂತ ತಾನೇ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬಾಗಿಲಿಗೆ ಹೋದ ಮುತ್ತೈದೆ ತಾಂಬೂಲ ಬಿಟ್ಟು ಬರುತ್ತಾಳೆಯೇ? ಜೀಪೂ ಕಾಯಿಯೂ ಒಂದೇ ಎಂದುಕೊಂಡೆ. ನಮ್ಮ ಬೀದಿಯಲ್ಲಾಗಿದ್ದರೆ ಹಠ ಎನ್ನುತ್ತಿದ್ದರು. ಅಲ್ಲಿ ಅದಕ್ಕೆ ಒಂದೇ ಅರ್ಥ. ನಾಚಿಕೆಯಾಗುತ್ತಿದೆ.

೫-೧-೮೭, ಸಂಜೆ
ಒಬ್ಬಳೇ ಹೋದೆ. ಅಂಕಮ್ಮ ರಾಗಿ ಕೇರುತ್ತಿದ್ದಳು. ಏಳಲಿಲ್ಲ.

"ತಪ್ಪಾಯ್ತು ಕಣವ್ವ. ಆ ಕಾಯಿ ಕೊಡು, ತಗೊಂಡು ಹೋಗ್ತೀನಿ."

"ಸಾರಿಗೆ ಹಾಕ್ಬುಟ್ಟೆ."

"ಹಂಗಾದ್ರೆ ಕುಡಿಯೋಕೆ ನೀರಾದ್ರೂ ಕೊಡು."

ಮೊರ ಕೆಳಗಿಟ್ಟು ಮುಖ ನೋಡಿದಳು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಓಟು ಹಾಕ್ತೀವಿ ಬುಡಿ ಅಮ್ಮಾರೆ, ಬೋರು ಬೇಕಲ್ಲ ನಮ್ಗೂ. ಆದ್ರೆ ಇಷ್ಟು ವರ್ಸ ನಮ್ಮ ಕೇರಿ ಮುಂದೇನೇ ತೋಟಕ್ಕೆ ಓಡಾಡಿದ್ರಲ್ಲ... ಒಂದಿನಾನೂ ಬಾಯಾರ್ಲಿಲ್ವಾ ನಿಮ್ಗೆ?"

ಒಳಗೆ ಹೋಗಿ ನೀರು ತಂದುಕೊಟ್ಟಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಕುಡಿದೆ. ಲೋಟ ವಾಪಸ್ ಕೊಟ್ಟೆ. ಅವಳು ಮತ್ತೆ ಮೊರ ಎತ್ತಿಕೊಂಡಳು.

ಮನೆಗೆ ಬಂದು ಇವರಿಗೆ ಹೇಳಲಿಲ್ಲ. ಅತ್ತೆಗಂತೂ ಇಲ್ಲ. ಕುಡಿದದ್ದು ಓಟಿಗಾಗಿ ಅಲ್ಲ ಎಂದು ಇಲ್ಲಾದರೂ ಬರೆದುಕೊಳ್ಳೋಣ ಎಂದು ಕೂತೆ. ಆದರೆ —